ಮುಂಬೈ ಬಾಲ್ಕನಿಯಲ್ಲಿ ತರಕಾರಿ: ಮೊದಲು ಬಿಸಿಲು, ಕೊನೆಗೆ ಬೀಜ

ಮೇ ಕೊನೆಗೆ ಊರಿಂದ ಮುಂಬೈಗೆ ಮರಳುವ ನಮ್ಮ ಕನ್ನಡಿಗರ ಚೀಲದಲ್ಲಿ ಹಪ್ಪಳ, ಸಂಡಿಗೆ, ತೆಂಗಿನೆಣ್ಣೆಯ ಜೊತೆ ಒಂದು ಕಾಗದದ ಪೊಟ್ಟಣ ಇದ್ದೇ ಇರುತ್ತದೆ. ಅದರಲ್ಲಿ ಹರಿವೆ, ಬೆಂಡೆ, ಹೀರೆ ಬೀಜ. ಅಮ್ಮನೋ ಅತ್ತೆಯೋ ಕಟ್ಟಿಕೊಟ್ಟದ್ದು. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಅದನ್ನು ಕುಂಡಕ್ಕೆ ಹಾಕುತ್ತೇವೆ. ಊರಿನಲ್ಲಿ ಹಾಗೇ ಮಾಡುವುದು ಅಲ್ವಾ? ಜುಲೈ ಮುಗಿಯುವಷ್ಟರಲ್ಲಿ ಅರ್ಧ ಸಸಿ ಕೊಳೆತಿರುತ್ತದೆ, ಉಳಿದರ್ಧ ದಾರದ ಹಾಗೆ ಸಪೂರ ಎದ್ದು ಮಗುಚಿಕೊಂಡಿರುತ್ತದೆ.

"ನಮ್ಮ ಮನೆಯಲ್ಲಿ ಏನೂ ಬೆಳೆಯಲ್ಲ" ಎಂಬ ಮಾತನ್ನು ಮುಲುಂಡ್, ಡೊಂಬಿವಿಲಿ, ಬೊರಿವಲಿಯ ಗೆಳತಿಯರಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ಕೈಗುಣ ಸರಿಯಾಗಿಯೇ ಇದೆ, ಅಮ್ಮ ಕೊಟ್ಟ ಬೀಜವೂ ಒಳ್ಳೆಯದೇ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಊರಿನ ಹಿತ್ತಿಲಲ್ಲಿ ಬಿಸಿಲು, ಮಣ್ಣು, ನೀರು ಬಸಿದು ಹೋಗುವ ದಾರಿ ಮೂರೂ ಮೊದಲೇ ಇರುತ್ತವೆ, ಬೀಜ ಹಾಕಿದರೆ ಸಾಕು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಇವು ಯಾವುವೂ ತಾವಾಗಿ ಇರುವುದಿಲ್ಲ. ಒಂದೊಂದನ್ನೂ ನಾವೇ ಸಜ್ಜು ಮಾಡಬೇಕು. ಹಾಗಾಗಿ ಇಲ್ಲಿ ಬೀಜದ ಸರದಿ ಕೊನೆಗೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ದಯವಿಟ್ಟು ಯಾವುದನ್ನೂ ಹಾರಿಸಬೇಡಿ.

ಮೊದಲಿಗೆ ಬೇಕಾದ ಸಾಮಾನು ಕಡಿಮೆ: ನಾಲ್ಕು ಕುಂಡ ಅಥವಾ ಗ್ರೋ ಬ್ಯಾಗ್, ಒಂದು ಸಣ್ಣ ಕೈಸಲಿಕೆ, ಕತ್ತರಿ, ಸ್ಪ್ರೇ ಬಾಟಲಿ, ಮುಚ್ಚಳಕ್ಕೆ ಬಿಸಿ ಸೂಜಿಯಿಂದ ತೂತು ಮಾಡಿದ ಒಂದು ಹಳೆಯ ನೀರಿನ ಬಾಟಲಿ, ಸೆಣಬಿನ ದಾರ, ಪಾರಿವಾಳದ ಬಲೆ. ಹತ್ತು ಕುಂಡದಿಂದ ಶುರು ಮಾಡಬೇಡಿ. ನಾಲ್ಕು ಸಾಕು.

## ಹಂತ 1: ಬಿಸಿಲನ್ನು ಅಳೆಯಿರಿ

ಒಂದು ಭಾನುವಾರ ಇದಕ್ಕೆ ಮೀಸಲಿಡಿ. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ, ಕುಂಡ ಇಡಬೇಕೆಂದಿರುವ ಜಾಗದಲ್ಲಿ ಕೈ ಚಾಚಿ. ಕೈಯ ನೆರಳು ಅಂಚು ಕಾಣುವಷ್ಟು ಸ್ಪಷ್ಟವಾಗಿ ಬಿದ್ದರೆ ಅದು ನೇರ ಬಿಸಿಲು. ಮಸುಕಾಗಿ ಬಿದ್ದರೆ ಬರೀ ಬೆಳಕು. ಬೆಳಕನ್ನೇ ಬಿಸಿಲೆಂದು ಎಣಿಸುವುದೇ ಮೊದಲ ತಪ್ಪು. ಎದುರಿನ ಕಟ್ಟಡದ ಬಿಳಿ ಗೋಡೆ ಮನೆಯನ್ನೆಲ್ಲಾ ಬೆಳಗುತ್ತದೆ, ಆದರೆ ಆ ಬೆಳಕಿಗೆ ಟೊಮೆಟೊ ಕಾಯಿ ಕಟ್ಟುವುದಿಲ್ಲ.

ನೇರ ಬಿಸಿಲು 6 ಗಂಟೆ ಅಥವಾ ಜಾಸ್ತಿ ಇದ್ದರೆ ಟೊಮೆಟೊ, ಬದನೆ, ಬೆಂಡೆ, ಹೀರೆ, ಮೆಣಸು ಎಲ್ಲವೂ ಬರುತ್ತವೆ. 4ರಿಂದ 5 ಗಂಟೆ ಇದ್ದರೆ ಬಸಳೆ, ಹರಿವೆ, ಪಾಲಕ್, ಮೆಂತೆ ಚೆನ್ನಾಗಿ ಬರುತ್ತವೆ. ಮೆಣಸು ಬಂದರೂ ಕಾಯಿ ಕಡಿಮೆ. 2ರಿಂದ 3 ಗಂಟೆ ಮಾತ್ರವಾದರೆ ಪುದೀನಾ, ಒಂದೆಲಗ, ದೊಡ್ಡಪತ್ರೆ. ಅದಕ್ಕಿಂತ ಕಡಿಮೆ ಇದ್ದರೆ ಕಾಯಿಪಲ್ಲೆಯ ಆಸೆ ಬಿಟ್ಟು, ಟೆರೇಸಿನಲ್ಲಿ ಜಾಗ ಸಿಗುತ್ತದೆಯೇ ಎಂದು ಕಟ್ಟಡದ ಸೊಸೈಟಿಯಲ್ಲಿ ಕೇಳಿ.

ಈಗ ಮುಂಬೈಗೇ ಸೇರಿದ ಒಂದು ವಿಷಯ. ನಮ್ಮ ನಗರ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ವರ್ಷದ ಉಳಿದ ಸಮಯದಲ್ಲಿ ದಕ್ಷಿಣಕ್ಕೆ. ಹಾಗಾಗಿ ಮೇ ತಿಂಗಳಲ್ಲಿ ಉತ್ತರ ದಿಕ್ಕಿನ ಬಾಲ್ಕನಿಗೆ ಬಿಸಿಲು ಬರುವುದನ್ನು ನೋಡಿ ನಂಬಬೇಡಿ. ಆ ಬಿಸಿಲು ಜೂನ್‌ನಲ್ಲಿ ಮೋಡದ ಹಿಂದೆ ಹೋಗುತ್ತದೆ, ಮೋಡ ಸರಿಯುವ ಹೊತ್ತಿಗೆ ಸೂರ್ಯನೂ ದಕ್ಷಿಣಕ್ಕೆ ಸರಿದಿರುತ್ತಾನೆ. ನನ್ನ ಮೊದಲ ವರ್ಷದ ಆರು ಬದನೆ ಗಿಡ ಹೀಗೇ ಹೋದವು. ಒಂದೇ ಒಂದು ಹೂ ಬಿಡಲಿಲ್ಲ. ದಕ್ಷಿಣದ ಬಾಲ್ಕನಿಯದ್ದು ಇದರ ತಿರುವುಮುರುವು. ಮೇ ತಿಂಗಳಲ್ಲಿ ಮೇಲಿನ ಸ್ಲಾಬಿನ ನೆರಳಿಂದ ಕತ್ತಲೆಯಾಗಿ ಕಾಣುತ್ತದೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲು ಒಳಗಿನ ತನಕ ಚಾಚುತ್ತದೆ. ತರಕಾರಿಗೆ ಬೇಕಾದ್ದೂ ಆ ತಿಂಗಳುಗಳೇ. ಹಾಗಾಗಿ ಅಳತೆಯನ್ನು ಸೆಪ್ಟೆಂಬರ್ ಕೊನೆಗೆ ಇನ್ನೊಮ್ಮೆ ಮಾಡಿ. ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು. ಬೆಳಗಿನ ಬಿಸಿಲು ಗಿಡವನ್ನು ಸುಡುವುದಿಲ್ಲ. ಪಶ್ಚಿಮದವರು ಅಕ್ಟೋಬರ್‌ನಲ್ಲೂ ಏಪ್ರಿಲ್, ಮೇಯಲ್ಲೂ ಮಧ್ಯಾಹ್ನ ಒಂದು ತೆಳು ಹಸಿರು ಬಲೆ ಕಟ್ಟಬೇಕು.

## ಹಂತ 2: ಭಾರ, ಸೊಸೈಟಿ, ಪಾರಿವಾಳ

12 ಇಂಚಿನ ಕುಂಡಕ್ಕೆ ಒದ್ದೆ ಮಣ್ಣು ತುಂಬಿದರೆ 20 ಕಿಲೋಗೂ ಮಿಕ್ಕಿ ತೂಗುತ್ತದೆ. ಕಿಟಕಿಯ ಗ್ರಿಲ್ಲಿನಲ್ಲಿ ಇಂಥ ಆರು ಕುಂಡ ಇಟ್ಟರೆ, ತುಕ್ಕು ಹಿಡಿದ ಬೋಲ್ಟುಗಳ ಮೇಲೆ ಇಬ್ಬರು ದೊಡ್ಡವರು ನಿಂತ ಹಾಗೆ. ಹಳೆಯ ಕಟ್ಟಡದಲ್ಲಿ, ಅದರಲ್ಲೂ ಸಮುದ್ರದ ಗಾಳಿ ಬಡಿಯುವ ಕಡೆ, ಗ್ರಿಲ್ಲಿನ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ತುಕ್ಕು ಪದರ ಪದರವಾಗಿ ಉದುರಿದರೆ ಅಲ್ಲಿ ಏನೂ ಇಡಬೇಡಿ. ಬಾಲ್ಕನಿಯಲ್ಲಿ ಭಾರದ ಕುಂಡಗಳನ್ನು ಮನೆಯ ಗೋಡೆಯ ಕಡೆಗೇ ಇಡಿ, ಹೊರ ಅಂಚಿಗೆ ಬೇಡ. ಕಟಕಟೆಯ ಮೇಲೆ ಕುಂಡ ಯಾವತ್ತೂ ಇಡಬೇಡಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಮಣ್ಣುನೀರು ತೊಟ್ಟಿಕ್ಕಿದರೆ ಒಳ್ಳೆಯ ನೆರೆಹೊರೆಯೂ ಕೆಡುತ್ತದೆ. ಆದ್ದರಿಂದ ಪ್ರತಿ ಕುಂಡದ ಕೆಳಗೆ ತಟ್ಟೆ ಬೇಕು. ಆದರೆ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ಮಹಾನಗರಪಾಲಿಕೆಯವರು ಮನೆಮನೆಗೆ ಬಂದು ಕುಂಡದ ತಟ್ಟೆಗಳನ್ನು ನೋಡುತ್ತಾರೆ, ಮರಿಹುಳು ಸಿಕ್ಕರೆ ನೋಟಿಸ್ ಕೊಡುತ್ತಾರೆ. ನೀರು ಹಾಕಿದ ಅರ್ಧ ಗಂಟೆಗೆ ತಟ್ಟೆ ಚೆಲ್ಲುವುದನ್ನು ರೂಢಿ ಮಾಡಿಕೊಳ್ಳಿ.

ಪಾರಿವಾಳದ ಬಲೆಯನ್ನು ಗಿಡ ಬಂದ ಮೇಲೆ ಕಟ್ಟೋಣ ಎಂದುಕೊಳ್ಳಬೇಡಿ. ಮೊಳಕೆ ಎದ್ದ ದಿನವೇ ಅವು ಎಲ್ಲವನ್ನೂ ಕಿತ್ತು ಹಾಕುತ್ತವೆ. ಖಾಲಿ ಕುಂಡ ಇಟ್ಟರೆ ಅದರಲ್ಲೇ ಗೂಡು ಮಾಡಿ ಮೊಟ್ಟೆ ಇಡುತ್ತವೆ. ಬಲೆ ಮೊದಲು, ಮಣ್ಣು ಆಮೇಲೆ.

## ಹಂತ 3: ಕುಂಡ ಆರಿಸುವುದು

ಸೊಪ್ಪಿಗೆ 6 ಇಂಚು ಆಳ ಸಾಕು, ಅಗಲ ಜಾಸ್ತಿ ಇರಲಿ. ಮೀನು, ಹಣ್ಣು ಬರುವ ಥರ್ಮಾಕೋಲ್ ಪೆಟ್ಟಿಗೆ ತೊಳೆದು ತೂತು ಮಾಡಿದರೆ ಸೊಪ್ಪಿಗೆ ಬಲು ಅನುಕೂಲ, ಹಗುರ ಕೂಡ. ಮೆಣಸು, ಬದನೆ, ಟೊಮೆಟೊ, ಬೆಂಡೆಗೆ 12 ಇಂಚು ಆಳ, 12 ಇಂಚು ಅಗಲ, ಒಂದು ಕುಂಡಕ್ಕೆ ಒಂದೇ ಗಿಡ. ಹೀರೆ, ಹಾಗಲದಂಥ ಬಳ್ಳಿಗೆ 15ರಿಂದ 18 ಇಂಚು.

ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕುಂಡದಲ್ಲಿ ಎಷ್ಟೋ ಸಲ ತೂತು ಗುರುತು ಮಾತ್ರ ಇರುತ್ತದೆ, ತೆರೆದಿರುವುದಿಲ್ಲ. ತಲೆಕೆಳಗು ಮಾಡಿ ನೋಡಿ. ಕಿರುಬೆರಳು ಹೋಗುವಷ್ಟು ದಪ್ಪದ 5-6 ತೂತು ಬೇಕು. ತೂತಿನ ಮೇಲೆ ಒಂದು ಹಂಚಿನ ಚೂರು ಅಥವಾ ತೆಂಗಿನ ನಾರು ಇಟ್ಟರೆ ಮಣ್ಣು ಸೋರುವುದಿಲ್ಲ. ತಳಕ್ಕೆ ನಾಲ್ಕು ಇಂಚು ಜಲ್ಲಿ ತುಂಬುವ ಪದ್ಧತಿ ಬೇಡ. ಅದರಿಂದ ನೀರು ಬೇಗ ಬಸಿಯುವುದಿಲ್ಲ. ಬೇರಿಗೆ ಸಿಗಬೇಕಾದ ಜಾಗ ಹೋಗುತ್ತದೆ, ಭಾರವೂ ಹೆಚ್ಚು. ಕುಂಡವನ್ನು ಎರಡು ತುಂಡು ಇಟ್ಟಿಗೆಯ ಮೇಲೆ ಕೂರಿಸಿ. ಅಡಿಗೆ ಗಾಳಿ ಆಡಬೇಕು.

## ಹಂತ 4: ಮಣ್ಣು ಹದ ಮಾಡುವುದು

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಮುಂಬೈ ನರ್ಸರಿಗಳಲ್ಲಿ ಚೀಲದಲ್ಲಿ ಸಿಗುವ 'ಲಾಲ್ ಮಾತಿ', ಅಂದರೆ ನಮ್ಮ ಕೆಂಪು ಮಣ್ಣು, ನೋಡಲು ಚೆಂದ. ಅದನ್ನೊಂದೇ ಕುಂಡಕ್ಕೆ ತುಂಬಿದರೆ ತಿಂಗಳೊಳಗೆ ಇಟ್ಟಿಗೆಯಾಗುತ್ತದೆ. ನೀರು ಹಾಕಿದರೆ ಮೇಲೆ ನಿಲ್ಲುತ್ತದೆ, ಆಮೇಲೆ ಕುಂಡದ ಬದಿಯ ಬಿರುಕಿನಿಂದ ಇಳಿದು ಹೋಗುತ್ತದೆ. ಬೇರಿಗೆ ಒಂದು ಹನಿಯೂ ಸಿಗುವುದಿಲ್ಲ.

ಬರೀ ಕೊಕೊಪೀಟ್ ಇದರ ಎದುರು ತುದಿ. ಒಮ್ಮೆ ಒಂದು ನರ್ಸರಿಯಿಂದ 'ತಯಾರಿ ಮಣ್ಣು' ಎಂದು ತಂದ ಚೀಲ ಬಿಚ್ಚಿದರೆ ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ. ಮೆಣಸಿನ ಸಸಿಗಳು ಮೂರು ವಾರ ಹಸಿರಾಗಿದ್ದು ಆಮೇಲೆ ಹಳದಿಯಾದವು. ಕೊಕೊಪೀಟಿನಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ, ಅದು ನೀರು ಹಿಡಿಯುವ ಸ್ಪಂಜು ಅಷ್ಟೇ. ಅಂದಿನಿಂದ ಚೀಲ ಕೊಳ್ಳುವ ಮೊದಲು ಒಂದು ಹಿಡಿ ಕೈಗೆ ತೆಗೆದು ನೋಡುತ್ತೇನೆ. ನೀವೂ ನೋಡಿ.

ನನಗೆ ಒಗ್ಗಿದ ಅಳತೆ ಹೀಗಿದೆ. ಒಂದು ಬಕೆಟ್ ಕೆಂಪು ಮಣ್ಣು, ಒಂದು ಬಕೆಟ್ ನೆನೆಸಿದ ಕೊಕೊಪೀಟ್, ಒಂದು ಬಕೆಟ್ ಗೊಬ್ಬರ. ಗೊಬ್ಬರ ಎಂದರೆ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ನರ್ಸರಿಯಲ್ಲಿ 'ಶೇಣ್‌ಖತ್' ಎಂದು ಕೇಳಿ. ಇದಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಮಳೆ ನೇರ ಬೀಳುವ ಜಾಗವಾದರೆ ಅರ್ಧ ಬಕೆಟ್ ಭತ್ತದ ಹೊಟ್ಟನ್ನೋ ದಪ್ಪ ಮರಳನ್ನೋ ಕೂಡಿಸಿ, ಕೊಕೊಪೀಟ್ ಅರ್ಧಕ್ಕೆ ಇಳಿಸಿ.

ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಹಿಂಡಿ ಚೆಲ್ಲಿ, ಇನ್ನೆರಡು ಸಲ ತೊಳೆಯಿರಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ತೊಳೆಯದಿದ್ದರೆ ಎಲೆಯ ತುದಿ ಸುಟ್ಟ ಹಾಗೆ ಒಣಗುತ್ತದೆ. ಗೊಬ್ಬರ ಮೂಸಿ ನೋಡಿ. ಸಗಣಿಯ ಘಾಟು ಇದ್ದರೆ ಅದು ಹಸಿ, ಬೇರನ್ನು ಸುಡುತ್ತದೆ. ಕಳಿತ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ.

ಹದ ಸರಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಪುಡಿಯಾಗಬೇಕು. ರಾಗಿ ಮುದ್ದೆಯ ಹಾಗೆ ಗಟ್ಟಿ ನಿಂತರೆ ಮಣ್ಣು ಜಾಸ್ತಿಯಾಗಿದೆ. ಆಮೇಲೆ ಕುಂಡಕ್ಕೆ ತುಂಬಿ, ಮೇಲೆ ಎರಡು ಇಂಚು ಖಾಲಿ ಬಿಟ್ಟು, ಚೆನ್ನಾಗಿ ನೆನೆಸಿ. ನೆನೆದ ಮಣ್ಣಿಗೆ ಇನ್ನೊಂದು ಮಗ್ ನೀರು ಹಾಕಿ. ಅರ್ಧ ನಿಮಿಷದೊಳಗೆ ಕೆಳಗಿಂದ ಬರಲು ಶುರುವಾಗಬೇಕು. ಬರದಿದ್ದರೆ ಸುರಿದು, ಹೊಟ್ಟು ಸೇರಿಸಿ ಮತ್ತೆ ತುಂಬಿ. ಬೇಜಾರು ಮಾಡಿಕೊಳ್ಳಬೇಡಿ, ಈಗ ಹತ್ತು ನಿಮಿಷದ ಕೆಲಸ. ಗಿಡ ಇಟ್ಟ ಮೇಲೆ ಇದನ್ನು ಸರಿಪಡಿಸಲು ಆಗುವುದೇ ಇಲ್ಲ.

ತುಂಬಿದ ಕುಂಡವನ್ನು ಒಂದು ವಾರ ಹಾಗೇ ಬಿಡಿ. ದಿನ ಬಿಟ್ಟು ದಿನ ಸ್ವಲ್ಪ ನೀರು ಚಿಮುಕಿಸಿ. ಮಣ್ಣು ಕುಳಿತುಕೊಳ್ಳುತ್ತದೆ, ಗೊಬ್ಬರದ ಬಿಸಿ ಇಳಿಯುತ್ತದೆ.

## ಹಂತ 5: ಹಬ್ಬದ ಲೆಕ್ಕದಲ್ಲಿ ಬಿತ್ತನೆ

ಮುಂಬೈಗೆ ಮಳೆಗಾಲ ಬರುವ ಸಾಮಾನ್ಯ ದಿನ ಜೂನ್ 11, ಹಿಂದೆ ಸರಿಯುವುದು ಅಕ್ಟೋಬರ್ 8ರ ಸುಮಾರಿಗೆ. ಜುಲೈ ಒಂದರಲ್ಲೇ ಸಾಂತಾಕ್ರೂಜ್‌ನಲ್ಲಿ 800 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಷ್ಟು ನೀರನ್ನು ಊರಿನ ನೆಲ ಕುಡಿಯುತ್ತದೆ, ಕುಂಡ ಕುಡಿಯಲಾರದು. ಜೊತೆಗೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಜೂನ್ ಬಿತ್ತನೆ ಸೋಲುವುದು ಇದಕ್ಕೇ.

ಹೊಸಬರು ಶುರು ಮಾಡಬೇಕಾದ್ದು ಗಣೇಶ ಚೌತಿ ಕಳೆದ ಮೇಲೆ. ಸೆಪ್ಟೆಂಬರ್ ಮಧ್ಯದಲ್ಲಿ ಟೊಮೆಟೊ, ಬದನೆ, ಮೆಣಸಿನ ಬೀಜವನ್ನು ಮಳೆ ತಾಗದ ಕಡೆ ಸಣ್ಣ ಲೋಟಗಳಲ್ಲಿ ಹಾಕಿ. ದಸರಾ ಮುಗಿಯುವ ಹೊತ್ತಿಗೆ ಸಸಿ 25-30 ದಿನದ್ದಾಗಿರುತ್ತದೆ, ಮಳೆಯೂ ನಿಂತಿರುತ್ತದೆ. ಆಗ ದೊಡ್ಡ ಕುಂಡಕ್ಕೆ ಬದಲಿಸಿ. ಅಕ್ಟೋಬರ್ ಬಿಸಿಲು ಕಟುವಾಗಿರುತ್ತದೆ, ಹಾಗಾಗಿ ಮೊದಲ ವಾರ ನೆರಳು ಕೊಡಿ.

ಟೊಮೆಟೊಗೆ ಈ ಕಾಲವೇ ಏಕೆ ಎಂದರೆ, ರಾತ್ರಿಯ ಸೆಕೆ 24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಹೂ ಕಾಯಿಯಾಗದೆ ಉದುರುತ್ತದೆ. ನಮ್ಮಲ್ಲಿ ರಾತ್ರಿ ತಂಪಾಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ. ಗಿಡ ಹೂ ಬಿಡುವ ಹೊತ್ತು ಆ ತಿಂಗಳುಗಳಿಗೆ ಸರಿಹೊಂದಬೇಕು. ಫೆಬ್ರವರಿಯಲ್ಲಿ ನೆಟ್ಟ ಟೊಮೆಟೊ ಆಳೆತ್ತರ ಬೆಳೆದು ಹೂವೆಲ್ಲಾ ಉದುರಿಸುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ದೀಪಾವಳಿಯ ನಂತರ ಕೊತ್ತಂಬರಿ, ಮೆಂತೆ, ಪಾಲಕ್, ಮೂಲಂಗಿ. ಸಂಕ್ರಾಂತಿ ಕಳೆದು ಚಳಿ ಇಳಿದ ಮೇಲೆ, ಫೆಬ್ರವರಿ ಮಧ್ಯದಿಂದ, ಬೆಂಡೆ, ಅಲಸಂಡೆ, ಹೀರೆ, ಸೌತೆ. ಹೋಳಿಯ ನಂತರದ ಸೆಕೆಗೆ ಹರಿವೆ ಮತ್ತು ಬಸಳೆ. ಇವೆರಡೂ ಸೆಕೆಗೆ ಹೆದರುವುದಿಲ್ಲ. ಊರಿನ ಬೀಜದ ಪೊಟ್ಟಣ ಮೇ ಕೊನೆಗೆ ಬಂದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಏನೂ ಆಗುವುದಿಲ್ಲ.

ಜೂನ್‌ನಲ್ಲಿ ಕೈ ಕಟ್ಟಿ ಕೂರಲು ಆಗದವರಿಗೆ ಒಂದು ದಾರಿ ಇದೆ. ಮಾಟುಂಗ ಮಾರ್ಕೆಟ್ಟಿನಲ್ಲಿ ಬಸಳೆ ಕಟ್ಟು ಸಿಕ್ಕರೆ ತನ್ನಿ. ಮರಾಠಿಯವರು ಇದನ್ನು 'ಮಾಯಾಳು' ಎನ್ನುತ್ತಾರೆ. ಎಲೆ ಸಾರಿಗೆ ಹೋಗಲಿ, ಹೆಬ್ಬೆರಳಷ್ಟು ದಪ್ಪದ ದಂಟನ್ನು ಅರ್ಧ ಅಡಿಗೆ ಕತ್ತರಿಸಿ ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಸ್ಲಾಬಿನ ಕೆಳಗೆ, ನೇರ ಮಳೆ ಬೀಳದ ಕಡೆ ಇಡಿ. ಹತ್ತು ದಿನದಲ್ಲಿ ಚಿಗುರುತ್ತದೆ. ಪುದೀನಾವನ್ನೂ ಹೀಗೇ ಕಟ್ಟಿನಿಂದ ಬೇರು ಬರಿಸಬಹುದು.

## ಹಂತ 6: ಬೀಜ ಹಾಕುವುದು

ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಮಾತ್ರ ಹಾಕಿ. ಹರಿವೆಯಂಥ ಸಣ್ಣ ಬೀಜಕ್ಕೆ ಮರಳು ಬೆರೆಸಿ ಮೇಲೆ ಉದುರಿಸಿ, ತೆಳುವಾಗಿ ಗೊಬ್ಬರ ಜರಡಿ ಹಿಡಿದರೆ ಮುಗಿಯಿತು. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಮೊಳೆಯಲು 8ರಿಂದ 12 ದಿನ ಬೇಕು. ಐದನೇ ದಿನ ಮಣ್ಣು ಕೆದಕಿ ನೋಡಬೇಡಿ. ಬೆಂಡೆ, ಅಲಸಂಡೆ, ಹೀರೆ, ಮೂಲಂಗಿಯನ್ನು ಲೋಟದಲ್ಲಿ ಬೆಳೆಸಿ ಬದಲಿಸುವುದು ಬೇಡ. ನೇರ ಕುಂಡಕ್ಕೇ ಹಾಕಿ, ಅವುಗಳ ಬೇರಿಗೆ ಕದಲಿಸಿದರೆ ಆಗಿಬರುವುದಿಲ್ಲ.

ಮೊಳಕೆ ಎದ್ದ ದಿನದಿಂದಲೇ ಬಿಸಿಲು ಬೇಕು. ಒಳಗಿನ ಕಿಟಕಿಯಲ್ಲಿ ನಾಲ್ಕು ದಿನ ಇಟ್ಟರೆ ಕುತ್ತಿಗೆ ಉದ್ದವಾಗಿ ಬೀಳುತ್ತದೆ. ಸಸಿಯ ಬುಡ ನೀರು ಕುಡಿದಂತೆ ತೆಳುವಾಗಿ ಒಂದೇ ರಾತ್ರಿಯಲ್ಲಿ ಮಲಗಿದರೆ ಅದು ಶಿಲೀಂಧ್ರದ ಬುಡ ಕೊಳೆ. ಅತಿ ನೀರು, ಒತ್ತೊತ್ತಾದ ಬಿತ್ತನೆ ಎರಡೂ ಕಾರಣ. ಬಿದ್ದ ಸಸಿ ಏಳುವುದಿಲ್ಲ. ಉಳಿದವನ್ನು ಗಾಳಿಗೆ ಸರಿಸಿ, ಎರಡು ದಿನ ನೀರು ನಿಲ್ಲಿಸಿ.

ಒಂದು ಕುಂಡದಲ್ಲಿ ಮೂರು ಟೊಮೆಟೊ ಸಸಿ ಎದ್ದರೆ ಎರಡನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ. ನನಗೂ ಬರುವುದಿಲ್ಲ. ಆದರೂ ಕತ್ತರಿಸಿ. ಮೂರನ್ನೂ ಇಟ್ಟುಕೊಂಡರೆ ಮೂರೂ ಬಡವಾಗುತ್ತವೆ.

## ಹಂತ 7: ನೀರು

ದಿನಾ ಒಂದು ಮಗ್ ಎಂಬ ಲೆಕ್ಕ ಬಿಟ್ಟುಬಿಡಿ. ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ. ತುದಿಗೆ ತೇವ ತಾಗಿದರೆ ನೀರು ಬೇಡ. ಒಣಗಿದ್ದರೆ ಕೆಳಗಿನ ತೂತಿಂದ ಬರುವಷ್ಟು ಹಾಕಿ. ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಬಾಡುತ್ತದೆ. ಬೆಳಿಗ್ಗೆ ಹಾಕುವುದು ಒಳ್ಳೆಯದು. ಅಕ್ಟೋಬರ್, ಏಪ್ರಿಲ್, ಮೇಯಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು. ಜನವರಿಯಲ್ಲಿ ದಿನ ಬಿಟ್ಟು ದಿನ. ಮಳೆಗಾಲದಲ್ಲಿ ವಾರ ಪೂರ್ತಿ ಬೇಡದಿರಬಹುದು.

ಗಿಡ ಬಾಡಿದ್ದು ಕಂಡ ಕೂಡಲೇ ನೀರು ಸುರಿಯುತ್ತೇವೆ. ಎಷ್ಟೋ ಗಿಡ ಸಾಯುವುದು ಇದರಿಂದಲೇ. ಮಧ್ಯಾಹ್ನ ಬಾಡಿ ಸಂಜೆ ಎದ್ದರೆ ಅದು ಬರೀ ಸೆಕೆ, ಚಿಂತೆ ಬೇಡ. ಬೆಳಿಗ್ಗೆಯೂ ಬಾಡಿದ್ದು ಮಣ್ಣು ಒಣಗಿದ್ದರೆ ಬಾಯಾರಿಕೆ. ಬೆಳಿಗ್ಗೆಯೂ ಬಾಡಿದ್ದು ಮಣ್ಣು ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ. ಆಗ ಒಂದು ಹನಿಯೂ ಹಾಕಬೇಡಿ. ಕುಂಡವನ್ನು ಓರೆ ಮಾಡಿ ನೀರು ಬಸಿಯಲು ಬಿಡಿ, ತೂತು ಕಟ್ಟಿದೆಯೇ ಎಂದು ಕಡ್ಡಿ ಹಾಕಿ ನೋಡಿ, ನೆರಳಿಗೆ ಸರಿಸಿ.

ಡಿಸೆಂಬರ್ ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಹತ್ತು ದಿನ ಊರಿಗೆ ಹೋಗುವವರು ಹೀಗೆ ಮಾಡಿ. ಎತ್ತರದ ಸ್ಟೂಲಿನ ಮೇಲೆ ಒಂದು ಬಕೆಟ್ ನೀರು ಇಟ್ಟು ಬಟ್ಟೆಯಿಂದ ಬಿಗಿಯಾಗಿ ಕಟ್ಟಿ ಮುಚ್ಚಿ. ದಪ್ಪ ಹತ್ತಿಯ ಹಗ್ಗದ ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ ನಾಲ್ಕು ಇಂಚು ಒಳಗೆ. ಕುಂಡಗಳನ್ನೆಲ್ಲಾ ಒಟ್ಟಿಗೆ ನೆರಳಿಗೆ ಸೇರಿಸಿ. ಹೊರಡುವ ಎರಡು ದಿನ ಮೊದಲು ಒಮ್ಮೆ ಕಟ್ಟಿ ಪರೀಕ್ಷೆ ಮಾಡಿ ನೋಡುವುದು ಕ್ಷೇಮ. ನೆರೆಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವುದು ಇದಕ್ಕಿಂತಲೂ ಒಳ್ಳೆಯದು.

## ಹಂತ 8: ಗೊಬ್ಬರ, ಹೂ, ಕಾಯಿ

ಸಸಿ ಬದಲಿಸಿ ಮೂರು ವಾರದ ತನಕ ಏನೂ ಕೊಡಬೇಡಿ. ಆಮೇಲೆ 15 ದಿನಕ್ಕೊಮ್ಮೆ ಬುಡದಿಂದ ನಾಲ್ಕು ಬೆರಳು ದೂರಕ್ಕೆ ಒಂದು ಹಿಡಿ ಎರೆಗೊಬ್ಬರ. ಎಲೆ ಕಡುಹಸಿರಾಗಿ ಸೊಂಪಾಗಿದ್ದು ಹೂ ಬಾರದಿದ್ದರೆ ಗೊಬ್ಬರ ಜಾಸ್ತಿಯಾಗಿದೆ, ಒಂದು ತಿಂಗಳು ನಿಲ್ಲಿಸಿ. ಅಕ್ಕಿ ತೊಳೆದ ನೀರನ್ನು ಆಗಾಗ ಹಾಕಬಹುದು. ಮೀನು ತೊಳೆದ ನೀರು ಊರಿನ ತೆಂಗಿನ ಬುಡಕ್ಕೆ ಸರಿ, ಬಾಲ್ಕನಿಗೆ ಬೇಡ. ಬೆಕ್ಕು ಮಣ್ಣು ಕೆದರುತ್ತದೆ, ಇಲಿ ಬರುತ್ತದೆ, ನೊಣ ಮುತ್ತುತ್ತದೆ. ಹಾಲು ಸಕ್ಕರೆ ಬೆರೆತ ಚಹಾ ಚರಟ ಹಾಕಿದರೆ ಇರುವೆ.

ಹೀರೆ, ಸೌತೆ, ಹಾಗಲದಲ್ಲಿ ಮೊದಲು ಬರುವುದು ಬರೀ ಗಂಡು ಹೂ. ಅವು ಉದುರಿದರೆ ಗಾಬರಿ ಬೇಡ. ಒಂದೆರಡು ವಾರದ ನಂತರ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುವ ಹೆಣ್ಣು ಹೂ ಬರುತ್ತದೆ. ಮೇಲಿನ ಮಹಡಿಗಳಿಗೆ ಜೇನು ಬರುವುದು ಅಪರೂಪ, ಹಾಗಾಗಿ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ಹಳದಿ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ. ಹೊತ್ತು ಮುಖ್ಯ. ಹೀರೆ, ಸೋರೆಯ ಹೂ ಅರಳುವುದು ಸಂಜೆ. ಸೌತೆ, ಹಾಗಲದ್ದು ಬೆಳಿಗ್ಗೆ. ಆಫೀಸಿಗೆ ಹೋಗುವವರಿಗೆ ಹೀರೆ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಹುಡಿ ತಾಗಿಲ್ಲ ಎಂದೇ ಹೆಚ್ಚಾಗಿ ಅರ್ಥ.

ಟೊಮೆಟೊ, ಮೆಣಸು, ಬದನೆಗೆ ಇಷ್ಟು ಕಷ್ಟವಿಲ್ಲ. ಬೆಳಿಗ್ಗೆ ಹೂಗೊಂಚಲನ್ನು ಬೆರಳಿಂದ ಮೆಲ್ಲಗೆ ತಟ್ಟಿದರೆ ಸಾಕು. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಿರಿ. ಒಂದು ಕಾಯಿ ಬಲಿತರೂ ಗಿಡ ಹೊಸ ಹೂ ಕಡಿಮೆ ಮಾಡುತ್ತದೆ.

## ಹಂತ 9: ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿ

ಕೀಟ ಕೂರುವುದು ಎಲೆಯ ಅಡಿಯಲ್ಲಿ. ಇರುವೆಗಳ ಸಾಲು ಗಿಡ ಹತ್ತುತ್ತಿದ್ದರೆ ಮೇಲೆ ಎಲ್ಲೋ ಗಿಡಹೇನು ಅಥವಾ ಹಿಟ್ಟು ತಿಗಣೆ ಇದೆ ಎಂದೇ ತಿಳಿಯಿರಿ. ನೀರಿನ ರಭಸಕ್ಕೆ ಮೊದಲು ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸಾಬೂನು ಕಲಸಿ, ಸಂಜೆ ಎಲೆಯ ಅಡಿಗೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ.

ಎಲೆಯ ಮೇಲೆ ಬಿಳಿ ಗೀಟು ಎಳೆದಂತೆ ಕಂಡರೆ ರಂಗೋಲಿ ಹುಳು. ಆ ಎಲೆ ಕಿತ್ತು ಹಾಕಿದರೆ ಸಾಕು. ಬೂದಿ ಚೆಲ್ಲಿದ ಹಾಗಿದ್ದರೆ ಬೂದಿ ರೋಗ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬೆಳಿಗ್ಗೆ ಹೊಡೆಯಿರಿ, ಗಾಳಿ ಆಡುವಂತೆ ಕೆಳಗಿನ ಎಲೆ ತೆಗೆಯಿರಿ. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಚಪ್ಪಟೆಯಾದರೆ ಅದು ಕೀಟವಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿ ನೀರು ಹಾಕಿದಾಗ ಗಿಡಕ್ಕೆ ಸುಣ್ಣದಂಶ ಏರುವುದಿಲ್ಲ. ನೀರನ್ನು ಒಂದೇ ಹದಕ್ಕೆ ತಂದರೆ ಮುಂದಿನ ಕಾಯಿಗಳು ಸರಿಯಾಗುತ್ತವೆ.

ಟೊಮೆಟೊ, ಮೆಣಸಿನ ಚಿಗುರು ದೋಣಿಯ ಹಾಗೆ ಮುದುಡಿ ಗಿಡ ಕುಳ್ಳಾಗಿ ನಿಂತರೆ ಮುಟುರು ರೋಗ ಇರಬಹುದು. ಮೊದಲು ನುಸಿ ಇದೆಯೇ ನೋಡಿ, ಬೇವಿನೆಣ್ಣೆ ಹೊಡೆದು ಎರಡು ವಾರ ಕಾಯಿರಿ. ಹೊಸ ಚಿಗುರೂ ಮುದುಡಿಕೊಂಡೇ ಬಂದರೆ ಅದು ವೈರಸ್. ಟೊಮೆಟೊಗೆ ಅದನ್ನು ಬಿಳಿ ನೊಣ ತರುತ್ತದೆ, ಔಷಧಿ ಇಲ್ಲ. ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ, ಪಕ್ಕದ ಕುಂಡಗಳ ಬಳಿ ಹಳದಿ ಅಂಟು ಹಾಳೆ ತೂಗುಹಾಕಿ.

ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಎಲೆಯ ಮೇಲೆ ಸಿಮೆಂಟ್ ಧೂಳು ಕೂರುತ್ತದೆ. ಮೂರು ದಿನಕ್ಕೊಮ್ಮೆ ತೊಳೆಯದಿದ್ದರೆ ಬಿಸಿಲಿದ್ದೂ ಇಲ್ಲದಂತೆ.

## ಹಂತ 10: ಹಣ್ಣು ಬೇಕೆನ್ನುವವರಿಗೆ

ಒಂದು ವರ್ಷ ತರಕಾರಿ ಗೆದ್ದ ಮೇಲೆ ಹಣ್ಣಿಗೆ ಕೈ ಹಾಕಿ. ಬಾಲ್ಕನಿಯಲ್ಲಿ ನಂಬಬಹುದಾದ್ದು ನಿಂಬೆ, ಅಂಜೂರ, ಪೇರಳೆ. ಕಸಿ ಅಥವಾ ಗೂಟಿ ಕಟ್ಟಿದ (ಕೊಂಬೆಗೇ ಬೇರು ಬರಿಸಿದ) ಗಿಡವನ್ನೇ ಕೇಳಿ. ಬೀಜದಿಂದ ಎದ್ದ ನಿಂಬೆ ಹೂ ಬಿಡಲು ನಾಲ್ಕೈದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಿಸುತ್ತದೆ. ಕಸಿಯ ಗಂಟು ಮಣ್ಣಿನ ಮೇಲೆ ಕಾಣಬೇಕು, ಹೂಳಬೇಡಿ. ಗಂಟಿನ ಕೆಳಗೆ ಬರುವ ಚಿಗುರನ್ನು ಕಿತ್ತು ಹಾಕುತ್ತಿರಿ, ಅದು ಬೇರೆ ಜಾತಿಯದು. ಕುಂಡ 18 ಇಂಚಿಗೆ ಕಡಿಮೆ ಬೇಡ. ಪಪ್ಪಾಯಿ ಟೆರೇಸಿಗೆ ಮಾತ್ರ ಸರಿ. ಅದರಲ್ಲಿ ಗಂಡು ಗಿಡವೂ ಬರುತ್ತದೆ, ಗಾಳಿಗೆ ಬೇಗ ಮುರಿಯುತ್ತದೆ.

ನಿಂಬೆಯ ಎಲೆ ಒಂದೇ ದಿನದಲ್ಲಿ ಅರ್ಧ ಮಾಯವಾದರೆ ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಹುಳು ಹುಡುಕಿ. ಚಿಟ್ಟೆಯ ಮರಿ ಅದು. ಎರಡು ಮೂರೇ ಇರುತ್ತವೆ. ನಾನು ಅವನ್ನು ಕೊಲ್ಲದೆ ಕೆಳಗಿನ ತೋಟದ ನಿಂಬೆ ಗಿಡಕ್ಕೆ ಬಿಟ್ಟು ಬರುತ್ತೇನೆ.

## ಹಂತ 11: ಮೇ ತಿಂಗಳ ಮಣ್ಣು

ಏಪ್ರಿಲ್ ಕೊನೆಗೆ ಮುದಿ ಗಿಡಗಳನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಹಳೆಯ ಮಣ್ಣು ಎಸೆಯಬೇಡಿ. ಬೇರು ಹೆಕ್ಕಿ, ಸ್ವಲ್ಪ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟೆರೇಸಿನಲ್ಲೋ ಗ್ರಿಲ್ಲಿನಲ್ಲೋ ಮೇ ಬಿಸಿಲಿಗೆ ಮೂರು ನಾಲ್ಕು ವಾರ ಇಡಿ. ಒಳಗಿನ ಬಿಸಿಗೆ ಕೀಟದ ಮೊಟ್ಟೆ, ರೋಗದ ಬೀಜ ಬಹುಪಾಲು ಸಾಯುತ್ತವೆ. ಮುಟುರು ರೋಗದ ಗಿಡ ಇದ್ದ ಕುಂಡದ ಮೇಲೆ ಗುರುತು ಹಾಕಿ, ಅದರಲ್ಲಿ ಮುಂದಿನ ಸಲ ಸೊಪ್ಪು ಹಾಕಿ. ಬದನೆ, ಟೊಮೆಟೊ, ಮೆಣಸು ಮೂರೂ ಒಂದೇ ಕುಟುಂಬದವು, ಒಂದರ ಕುಂಡಕ್ಕೆ ಇನ್ನೊಂದನ್ನು ಹಾಕುವುದು ಬೇಡ.

ಮಳೆ ಬರುವ ಮೊದಲು ಮಣ್ಣನ್ನು ಡ್ರಮ್ಮಿಗೆ ತುಂಬಿ ಮುಚ್ಚಿ. ಸೆಪ್ಟೆಂಬರ್‌ನಲ್ಲಿ ತೆಗೆದಾಗ ಮೂರು ಪಾಲಿಗೆ ಒಂದು ಪಾಲು ಹೊಸ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಹೊಸದಾಗುತ್ತದೆ. ಚೆನ್ನಾಗಿ ಬಂದ ಗಿಡದ ಒಂದು ಬೆಂಡೆ, ಒಂದು ಹೀರೆ ಬಳ್ಳಿಯಲ್ಲೇ ಒಣಗಲು ಬಿಟ್ಟಿರಿ ಅಲ್ವಾ? ಆ ಬೀಜ ಬಿಡಿಸಿ, ನೆರಳಲ್ಲಿ ನಾಲ್ಕು ದಿನ ಆರಿಸಿ, ಒಂದು ಚಿಟಿಕೆ ಬೂದಿ ಬೆರೆಸಿ, ಡಬ್ಬಿಯ ಮೇಲೆ ಹೆಸರು, ತಿಂಗಳು ಬರೆದಿಡಿ. ಊರಿಗೆ ಹೋಗುವಾಗ ಸ್ವಲ್ಪ ಅಮ್ಮನಿಗೂ ಒಯ್ಯಿರಿ.